ಬ್ಲಾಕ್‌ಚೈನ್‌ನಲ್ಲಿ ಎಲ್ಲವೂ ದಾಖಲಾಗಿದ್ದರೂ ಹುಡುಕುವುದು ಏಕೆ ಕಷ್ಟ? ಡಿಆ್ಯಪ್ ಡೆವಲಪರ್‌ಗಳಿಗೆ ಇಂಡೆಕ್ಸಿಂಗ್ ಬೇಕೇ ಬೇಕು, ಕಾರಣ ಇಲ್ಲಿದೆ

ಕೋಲ್ಕತ್ತಾದ ಪಾರ್ಕ್ ಸ್ಟ್ರೀಟ್ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಕ್ರಿಸ್‌ಮಸ್ ದೀಪಗಳು, 1927ರಿಂದ ನಡೆಯುತ್ತಿರುವ ಫ್ಲೂರಿಸ್ ಬೇಕರಿ, ಸಾಲು ಸಾಲು ರೆಸ್ಟೋರೆಂಟ್‌ಗಳು. ಅಧಿಕೃತವಾಗಿ ಇದೀಗ ಮದರ್ ತೆರೇಸಾ ಸರಣಿ. ಆದರೆ 18ನೇ ಶತಮಾನದಲ್ಲಿ ಈ ರಸ್ತೆಗಿದ್ದ ಹೆಸರು ಬರಿಯಲ್ ಗ್ರೌಂಡ್ ರೋಡ್, ಅಂದರೆ ಸ್ಮಶಾನದ ರಸ್ತೆ. 1767ರಲ್ಲಿ ಶುರುವಾದ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನ ಇಂದಿಗೂ ಅಲ್ಲೇ ಇದೆ. ಸುಮಾರು 1,600 ಸಮಾಧಿಗಳಿವೆ. ಏಷ್ಯಾಟಿಕ್ ಸೊಸೈಟಿ ಕಟ್ಟಿದ ಸರ್ ವಿಲಿಯಂ ಜೋನ್ಸ್, ಕವಿ ಹೆನ್ರಿ ಡಿರೋಜಿಯೊ ಇಬ್ಬರ ಸಮಾಧಿಯೂ ಇಲ್ಲೇ.

ಈಗ ಒಂದು ಪ್ರಶ್ನೆ. 1790ರ ದಶಕದಲ್ಲಿ ತೀರಿಕೊಂಡ, 30 ವರ್ಷದೊಳಗಿನ ಸೈನಿಕರ ಸಮಾಧಿಗಳೆಷ್ಟು ಎಂದು ಯಾರಾದರೂ ಕೇಳಿದರೆ ಏನು ಮಾಡುವುದು? ಮಾಹಿತಿ ಎಲ್ಲವೂ ಅಲ್ಲೇ ಕಲ್ಲಿನ ಮೇಲಿದೆ, ಗೇಟು ದಾಟಿದ ಯಾರು ಬೇಕಾದರೂ ಓದಬಹುದು. ಆದರೆ ಸಮಾಧಿಗಳು ಹೆಸರಿನ ಅಕ್ಷರಾನುಕ್ರಮದಲ್ಲಿಲ್ಲ, ವೃತ್ತಿಯ ಪ್ರಕಾರವೂ ಇಲ್ಲ. ಒಂದೊಂದೇ ಕಲ್ಲಿನ ಮುಂದೆ ನಿಂತು ಓದುತ್ತಾ ಹೋಗಬೇಕು. ಇಲ್ಲವೇ, ಮೊದಲೇ ಯಾರೋ ಎಲ್ಲವನ್ನೂ ಓದಿ ಪುಸ್ತಕ ಮಾಡಿಟ್ಟಿರಬೇಕು.

ಅಂಥ ಪುಸ್ತಕ ಇದೆ. 1848ರಲ್ಲಿ ಕೋಲ್ಕತ್ತಾದ ಹೋಮ್ಸ್ ಅಂಡ್ ಕಂಪನಿ ಪ್ರಕಟಿಸಿದ 'ಬೆಂಗಾಲ್ ಒಬಿಚುವರಿ'. ಬಂಗಾಳದ ಸ್ಮಶಾನಗಳ ಕಲ್ಲುಬರಹಗಳನ್ನು ನಕಲು ಮಾಡಿ ಒಂದೆಡೆ ಸೇರಿಸಿದ ಸಂಕಲನವದು. ಕಲ್ಲನ್ನು ಯಾರೂ ಮುಟ್ಟಲಿಲ್ಲ, ಕದಲಿಸಲಿಲ್ಲ. ಪಕ್ಕದಲ್ಲಿ ಒಂದು ನಕಲು ತಯಾರಾಯಿತು, ಅಷ್ಟೇ. ಬ್ಲಾಕ್‌ಚೈನ್ ಲೋಕದಲ್ಲಿ ಇಂಡೆಕ್ಸಿಂಗ್ ಎಂದು ಕರೆಯುವುದು ಬಹುಮಟ್ಟಿಗೆ ಇದೇ ಕೆಲಸವನ್ನು.

ಏನಿದು ಸಮಸ್ಯೆ?

ಬ್ಲಾಕ್‌ಚೈನ್ ಬಗ್ಗೆ ಕೇಳಿದವರೆಲ್ಲರಿಗೂ ಗೊತ್ತಿರುವ ಮಾತು: ಒಮ್ಮೆ ಬರೆದಿದ್ದನ್ನು ಅಳಿಸಲಾಗದು, ಎಲ್ಲವೂ ಬಹಿರಂಗ, ಯಾರು ಬೇಕಾದರೂ ನೋಡಬಹುದು. ಮೂರೂ ನಿಜ. ಆದರೆ 'ನೋಡಬಹುದು' ಎನ್ನುವುದಕ್ಕೂ 'ಹುಡುಕಬಹುದು' ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಬ್ಲಾಕ್‌ಚೈನ್‌ನಲ್ಲಿ ದಾಖಲೆಗಳು ಜೋಡಣೆಯಾಗುವುದು ಕಾಲಕ್ರಮದಲ್ಲಿ ಮಾತ್ರ. ಒಂದು ವಹಿವಾಟಿನ ಹ್ಯಾಶ್ ಕೈಯಲ್ಲಿದ್ದರೆ ಅದನ್ನು ತಕ್ಷಣ ತೆರೆಯಬಹುದು. ಒಂದು ಖಾತೆಯ ಈಗಿನ ಬ್ಯಾಲೆನ್ಸ್ ಕೂಡ ಕ್ಷಣದಲ್ಲಿ ಸಿಗುತ್ತದೆ. ಆದರೆ 'ಈ ವರ್ಷ ಅತಿ ಹೆಚ್ಚು ಹಣ ಕೊಟ್ಟ 10 ಮಂದಿ ಯಾರು' ಎಂದು ಕೇಳಿದರೆ ನೋಡ್‌ ಬಳಿ ಸಿದ್ಧ ಉತ್ತರವಿಲ್ಲ. ಎಸ್‌ಕ್ಯುಎಲ್ ಡೇಟಾಬೇಸ್‌ನಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ ಪ್ರಶ್ನೆ ಇಲ್ಲಿ ಲಕ್ಷಾಂತರ ಬ್ಲಾಕ್‌ಗಳ ಓದಾಗಿ ಬಿಡುತ್ತದೆ.

ಕನ್ನಡಿಗರಿಗೆ ಇದು ಹೊಸ ತಲೆನೋವೇನಲ್ಲ. ಬಿ.ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕ'ದಲ್ಲಿ ಸಾವಿರಾರು ಶಾಸನಗಳನ್ನು ತಾಲೂಕುವಾರು ಸಂಖ್ಯೆ ಕೊಟ್ಟು ಜೋಡಿಸಿದರು. ಊರು ಗೊತ್ತಿದ್ದರೆ ಶಾಸನ ಸಿಗುತ್ತದೆ. ಒಬ್ಬ ರಾಜನ ಎಲ್ಲ ದತ್ತಿಗಳೂ ಬೇಕೆಂದರೆ ಬೇರೆಯೇ ಪಟ್ಟಿ ಬೇಕು. ಜೋಡಣೆ ಒಂದು ರೀತಿ, ಪ್ರಶ್ನೆ ಇನ್ನೊಂದು ರೀತಿ.

ಪೂಜೆಯ ಚಂದಾ ಉದಾಹರಣೆ

ಕೋಲ್ಕತ್ತಾದಲ್ಲಿ ದುರ್ಗಾ ಪೂಜೆಗೆ ಪ್ರತಿ ಪೆಂಡಾಲ್‌ನವರೂ ಬಡಾವಣೆಯಲ್ಲಿ ಚಂದಾ ಎತ್ತುತ್ತಾರೆ, ನಮ್ಮಲ್ಲಿ ಗಣೇಶನಿಗೆ ಎತ್ತುವಂತೆಯೇ. ಲೆಕ್ಕದ ತಕರಾರೂ ಎರಡೂ ಕಡೆ ಒಂದೇ! ಪಾರ್ಕ್ ಸ್ಟ್ರೀಟ್‌ನ ಕೆಫೆಯೊಂದರಲ್ಲಿ ಕೂತ ಡೆವಲಪರ್ ಒಬ್ಬರು ಈ ಚಂದಾ ಲೆಕ್ಕವನ್ನು ಎಥೇರಿಯಂ ಮಾದರಿಯ ಬ್ಲಾಕ್‌ಚೈನ್‌ಗೆ ಹಾಕುವ ಡಿಆ್ಯಪ್, ಅಂದರೆ ವಿಕೇಂದ್ರೀಕೃತ ಆ್ಯಪ್ ಮಾಡುತ್ತಿದ್ದಾರೆ ಎಂದಿಟ್ಟುಕೊಳ್ಳಿ. (ಇದು ಉದಾಹರಣೆ ಮಾತ್ರ. ತೆರಿಗೆ ನಿಯಮ ನೋಡದೆ ನಿಮ್ಮ ಸಮಿತಿಯಲ್ಲಿ ಪ್ರಯೋಗಿಸಬೇಡಿ.)

ಆ್ಯಪ್‌ನ ಹೃದಯ ಸ್ಮಾರ್ಟ್ ಕಾಂಟ್ರ್ಯಾಕ್ಟ್. ಅದಕ್ಕೆ ಹಣ ಬಂದಾಗ ಎರಡು ರೀತಿಯಲ್ಲಿ ದಾಖಲಿಸಬಹುದು. ಒಂದು, ಕಾಂಟ್ರ್ಯಾಕ್ಟ್‌ನ ಸ್ವಂತ ಸ್ಟೋರೇಜ್‌ನಲ್ಲಿ ಬರೆದಿಡುವುದು. ಇನ್ನೊಂದು, 'ಇಂಥವರಿಂದ ಇಂಥ ಪೆಂಡಾಲ್‌ಗೆ ಇಷ್ಟು ಬಂತು' ಎಂದು ಕೂಗಿ ಹೇಳಿಬಿಡುವುದು. ಈ ಕೂಗಿಗೆ ಇವೆಂಟ್ ಎನ್ನುತ್ತಾರೆ, ಅದು ಲಾಗ್ ಆಗಿ ಉಳಿಯುತ್ತದೆ.

ಖರ್ಚಿನ ವ್ಯತ್ಯಾಸ ನೋಡಿ. ಎಥೇರಿಯಂನಲ್ಲಿ ಸ್ಟೋರೇಜ್‌ನ ಒಂದು ಹೊಸ ಜಾಗಕ್ಕೆ ಬರೆಯಲು ಸುಮಾರು 22,100 ಗ್ಯಾಸ್ ಬೇಕು. ಇವೆಂಟ್‌ಗೆ ಮೂಲ ಶುಲ್ಕ 375, ಪ್ರತಿ ಟಾಪಿಕ್‌ಗೆ 375, ಡೇಟಾದ ಪ್ರತಿ ಬೈಟ್‌ಗೆ 8. ಇವೆಂಟ್‌ನ ಗುರುತು, ಕೊಟ್ಟವರ ವಿಳಾಸ, ಪೆಂಡಾಲ್ ಸಂಖ್ಯೆ ಸೇರಿ ಮೂರು ಟಾಪಿಕ್, ಜೊತೆಗೆ ಮೊತ್ತಕ್ಕೆ 32 ಬೈಟ್. ಕೂಡಿದರೆ 1,756 ಗ್ಯಾಸ್. ಹನ್ನೆರಡು ಪಟ್ಟಿಗೂ ಹೆಚ್ಚು ಅಗ್ಗ. ಹಾಗಾಗಿ ಡೆವಲಪರ್‌ಗಳು ಇತಿಹಾಸವನ್ನೆಲ್ಲ ಇವೆಂಟ್‌ಗಳಲ್ಲೇ ಬಿಡುತ್ತಾರೆ. ಆದರೆ ಒಂದು ಷರತ್ತು: ಒಮ್ಮೆ ಹೊರಗೆ ಹೋದ ಲಾಗ್ ಅನ್ನು ಕಾಂಟ್ರ್ಯಾಕ್ಟ್ ತಾನೇ ಮತ್ತೆ ಓದಲಾರದು. ಓದುವ ಕೆಲಸ ಹೊರಗಿನವರದ್ದು.

ಇಲ್ಲೇ ಮೊದಲ ಎಡವಟ್ಟು ಕಾದಿರುತ್ತದೆ. ಇವೆಂಟ್‌ನ ಮೂರು ಅಂಶಗಳನ್ನಷ್ಟೇ 'ಇಂಡೆಕ್ಸ್ಡ್' ಎಂದು ಗುರುತು ಮಾಡಬಹುದು. ಗುರುತು ಮಾಡಿದ್ದರೆ ಮಾತ್ರ ನೋಡ್‌ ಬಳಿ 'ಈ ವಿಳಾಸದ್ದನ್ನಷ್ಟೇ ಕೊಡು' ಎಂದು ಕೇಳಬಹುದು, ಇಲ್ಲದಿದ್ದರೆ ಎಲ್ಲ ಲಾಗ್‌ಗಳನ್ನೂ ತರಿಸಿಕೊಂಡು ಬಿಚ್ಚಿ ನೋಡಬೇಕು. ಸರಿ, ಪೆಂಡಾಲ್‌ನ ಹೆಸರನ್ನೇ ಇಂಡೆಕ್ಸ್ಡ್ ಮಾಡೋಣ ಎಂದು ಹೊಸಬರು ಹೊರಡುತ್ತಾರೆ. ಆದರೆ ಹೆಸರಿನಂಥ ಅಕ್ಷರಮಾಲೆಯನ್ನು ಇಂಡೆಕ್ಸ್ಡ್ ಮಾಡಿದರೆ ಉಳಿಯುವುದು ಅದರ ಹ್ಯಾಶ್ ಮಾತ್ರ. 'ಕಾಲೇಜ್ ಸ್ಕ್ವೇರ್' ಎಂಬ ಹೆಸರಿನ ಬದಲು 32 ಬೈಟ್‌ಗಳ ಅರ್ಥವಿಲ್ಲದ ಸಂಖ್ಯೆ. ಅದರಿಂದ ಹೆಸರನ್ನು ಹಿಂದಕ್ಕೆ ಪಡೆಯುವ ದಾರಿಯಿಲ್ಲ. ಕಾಂಟ್ರ್ಯಾಕ್ಟ್ ಒಮ್ಮೆ ಬ್ಲಾಕ್‌ಚೈನ್‌ಗೆ ಏರಿದ ಮೇಲೆ ಗೊತ್ತಾದರೆ ಆಗಲೇ ದಾಖಲಾದ ಲಾಗ್‌ಗಳಿಗೆ ತಿದ್ದುಪಡಿಯೂ ಇಲ್ಲ. ಅಳಿಸಲಾಗದು ಎಂಬ ಗುಣ ತಪ್ಪಿಗೂ ಅನ್ವಯಿಸುತ್ತದೆ!

ನೇರವಾಗಿ ನೋಡ್‌ ಕೇಳಿದರೆ ಆಗದೇ?

ಆಗುತ್ತದೆ, ಸಣ್ಣ ಪ್ರಮಾಣದಲ್ಲಿ. ಎಥೇರಿಯಂ ನೋಡ್‌ಗಳಲ್ಲಿ 'ಗೆಟ್‌ಲಾಗ್ಸ್' ಎಂಬ ಆಜ್ಞೆಯಿದೆ. ಯಾವ ಬ್ಲಾಕ್‌ನಿಂದ ಯಾವ ಬ್ಲಾಕ್‌ವರೆಗೆ, ಯಾವ ಕಾಂಟ್ರ್ಯಾಕ್ಟ್, ಯಾವ ಟಾಪಿಕ್ ಎಂದು ಹೇಳಿದರೆ ಲಾಗ್‌ಗಳು ಬರುತ್ತವೆ. ಪ್ರತಿ ಬ್ಲಾಕ್‌ನ ತಲೆಯಲ್ಲೂ 2,048 ಬಿಟ್‌ಗಳ ಬ್ಲೂಮ್ ಫಿಲ್ಟರ್ ಎಂಬ ಸಣ್ಣ ಗುರುತುಪಟ್ಟಿ ಇರುತ್ತದೆ. ನೀವು ಹುಡುಕುತ್ತಿರುವುದು ಈ ಬ್ಲಾಕ್‌ನಲ್ಲಿ 'ಖಂಡಿತ ಇಲ್ಲ' ಅಥವಾ 'ಇರಬಹುದು' ಎಂದು ಅದು ಹೇಳುತ್ತದೆ. ತೊಂದರೆಯೆಂದರೆ ಬ್ಲಾಕ್‌ಗಳು ತುಂಬಿದಂತೆ ಈ ಪಟ್ಟಿಯೂ ತುಂಬಿ, ಹೆಚ್ಚಿನ ಕಡೆ 'ಇರಬಹುದು' ಎಂಬ ಉತ್ತರವೇ ಬರತೊಡಗುತ್ತದೆ.

ಲೆಕ್ಕ ಹಾಕೋಣ. ಎಥೇರಿಯಂನಲ್ಲಿ 12 ಸೆಕೆಂಡ್‌ಗೆ ಒಂದು ಬ್ಲಾಕ್. ದಿನಕ್ಕೆ 7,200, ವರ್ಷಕ್ಕೆ ಹತ್ತಿರ ಹತ್ತಿರ 26 ಲಕ್ಷದ 28 ಸಾವಿರ. ನೋಡ್ ಸೇವೆ ಕೊಡುವ ಹಲವು ಕಂಪನಿಗಳು ಒಂದು ಕೋರಿಕೆಗೆ ಇಂತಿಷ್ಟೇ ಬ್ಲಾಕ್ ಎಂದು ಮಿತಿ ಹಾಕುತ್ತವೆ. ಮಿತಿ 2,000 ಬ್ಲಾಕ್ ಎಂದುಕೊಂಡರೂ ಒಂದು ವರ್ಷದ ಚಂದಾ ಪಟ್ಟಿಗೆ 1,314 ಕೋರಿಕೆ ಬೇಕು. ಇದು ಒಬ್ಬ ಬಳಕೆದಾರ ಒಮ್ಮೆ ಪುಟ ತೆರೆದಾಗ. ಮಹಾಷ್ಟಮಿಯ ಸಂಜೆ ಸಾವಿರ ಮಂದಿ ಒಟ್ಟಿಗೆ ತೆರೆದರೆ? ಆ್ಯಪ್ ಮಲಗುತ್ತದೆ, ಸೇವೆಯ ಬಿಲ್ ಏಳುತ್ತದೆ.

ಇಂಡೆಕ್ಸರ್ ಮಾಡುವುದೇನು?

ಇಂಡೆಕ್ಸರ್ ಅಂದರೆ ಬ್ಲಾಕ್‌ಗಳನ್ನು ಒಂದು ಬಾರಿ ಓದಿ, ಬೇಕಾದ ಇವೆಂಟ್‌ಗಳನ್ನಷ್ಟೇ ಆರಿಸಿ, ಸಾಮಾನ್ಯ ಡೇಟಾಬೇಸ್‌ಗೆ ಹಾಕಿಡುವ ಪ್ರೋಗ್ರಾಂ. ಹೊಸ ಬ್ಲಾಕ್ ಬಂದಂತೆಲ್ಲ ಡೇಟಾಬೇಸ್ ನವೀಕರಿಸುತ್ತಾ ಹೋಗುತ್ತದೆ. ಆ್ಯಪ್ ಪ್ರಶ್ನೆ ಕೇಳುವುದು ಈ ಡೇಟಾಬೇಸ್‌ಗೆ, ಬ್ಲಾಕ್‌ಚೈನ್‌ಗಲ್ಲ.

ಈ ಕ್ಷೇತ್ರದಲ್ಲಿ ಹೆಚ್ಚು ಕೇಳಿಬರುವ ಹೆಸರು 'ದಿ ಗ್ರಾಫ್'. 2018ರಲ್ಲಿ ಯಾನಿವ್ ತಾಲ್, ಬ್ರಾಂಡನ್ ರಾಮಿರೆಜ್ ಮತ್ತು ಯಾನಿಸ್ ಪೋಲ್ಮನ್ ಆರಂಭಿಸಿದ ಯೋಜನೆ ಇದು. ಇದರಲ್ಲಿ ಪ್ರತಿ ಆ್ಯಪ್‌ಗೂ ಒಂದು 'ಸಬ್‌ಗ್ರಾಫ್' ಬರೆಯಬೇಕು. ಅದರಲ್ಲಿ ಮುಖ್ಯವಾಗಿ ಮೂರು ಭಾಗ. ಮ್ಯಾನಿಫೆಸ್ಟ್‌ನಲ್ಲಿ ಯಾವ ಕಾಂಟ್ರ್ಯಾಕ್ಟ್, ಯಾವ ಇವೆಂಟ್, ಯಾವ ಬ್ಲಾಕ್‌ನಿಂದ ಶುರು ಎಂಬ ವಿವರ. ಸ್ಕೀಮಾದಲ್ಲಿ ಡೇಟಾಬೇಸ್‌ನ ರೂಪ: ಪೆಂಡಾಲ್, ದಾನಿ, ಚಂದಾ. ಮ್ಯಾಪಿಂಗ್‌ನಲ್ಲಿ ನಿಜವಾದ ಕೆಲಸ: ಚಂದಾ ಇವೆಂಟ್ ಬಂತೆಂದರೆ ಆ ಪೆಂಡಾಲ್‌ನ ದಾಖಲೆ ತೆಗೆ, ಇಲ್ಲದಿದ್ದರೆ ಹೊಸದು ಮಾಡು, ಒಟ್ಟು ಮೊತ್ತಕ್ಕೆ ಇದನ್ನು ಕೂಡು, ಉಳಿಸು. ಟೈಪ್‌ಸ್ಕ್ರಿಪ್ಟ್ ಹೋಲುವ ಅಸೆಂಬ್ಲಿಸ್ಕ್ರಿಪ್ಟ್‌ನಲ್ಲಿ ಇದನ್ನು ಬರೆಯುತ್ತಾರೆ. ಹಿಂದೆ ಕೂತು ಡೇಟಾ ಕಾಯುವುದು ನಮಗೆ ಪರಿಚಿತ ಪೋಸ್ಟ್‌ಗ್ರೆಸ್ ಡೇಟಾಬೇಸ್.

ಶುರುವಿನ ಬ್ಲಾಕ್ ಸಂಖ್ಯೆ ಹಾಕುವುದನ್ನು ಮರೆಯುವವರು ಬಹಳ. ಮರೆತರೆ ಇಂಡೆಕ್ಸರ್ 2015ರ ಜುಲೈ 30ರ ಮೊಟ್ಟಮೊದಲ ಬ್ಲಾಕ್‌ನಿಂದ ಹೊರಡುತ್ತದೆ. ನಿಮ್ಮ ಕಾಂಟ್ರ್ಯಾಕ್ಟ್ ಹುಟ್ಟಿದ್ದು ಕಳೆದ ವಾರವಾದರೂ.

ಪ್ರಶ್ನೆ ಕೇಳುವುದು ಹೇಗೆ, ತಪ್ಪುವುದು ಎಲ್ಲಿ?

ಸಬ್‌ಗ್ರಾಫ್‌ಗೆ ಪ್ರಶ್ನೆ ಕೇಳುವ ಭಾಷೆ ಗ್ರಾಫ್‌ಕ್ಯುಎಲ್. ಫೇಸ್‌ಬುಕ್ ತನ್ನ ಬಳಕೆಗೆ ಮಾಡಿಕೊಂಡು 2015ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಭಾಷೆ. ಯಾವ ಯಾವ ಮಾಹಿತಿ ಬೇಕೋ ಅದರ ಹೆಸರಷ್ಟನ್ನೇ ಬರೆದು ಕಳಿಸಿದರೆ ಅದೇ ಆಕಾರದಲ್ಲಿ ಉತ್ತರ ಬರುತ್ತದೆ. ಕಲಿಯಲು ಒಂದು ಮಧ್ಯಾಹ್ನ ಸಾಕು. ಆದರೆ ಹಣದ ಲೆಕ್ಕದಲ್ಲಿ ತಪ್ಪುಗಳು ಸದ್ದಿಲ್ಲದೆ ನುಸುಳುವುದು ಇಲ್ಲಿಯೇ.

ಸಂಖ್ಯೆ ಹೇಳದಿದ್ದರೆ ದಿ ಗ್ರಾಫ್ ಕೊಡುವುದು ಮೊದಲ 100 ಸಾಲುಗಳನ್ನು ಮಾತ್ರ. ಹೇಳಿದರೂ ಒಂದು ಬಾರಿಗೆ ಗರಿಷ್ಠ 1,000. ಪೆಂಡಾಲ್‌ಗೆ 240 ಮಂದಿ ತಲಾ 500 ರೂಪಾಯಿಗೆ ಸಮನಾದ ಚಂದಾ ಕೊಟ್ಟಿದ್ದಾರೆ ಎನ್ನಿ. ನಿಜವಾದ ಮೊತ್ತ 1 ಲಕ್ಷದ 20 ಸಾವಿರ. ಡೆವಲಪರ್ ಪಟ್ಟಿ ತರಿಸಿ ಆ್ಯಪ್‌ನಲ್ಲಿ ಕೂಡಿಸಿದರೆ ಪರದೆಯ ಮೇಲೆ ಬರುವುದು 50 ಸಾವಿರ. ಎರರ್ ಇಲ್ಲ, ಕೆಂಪು ಅಕ್ಷರವಿಲ್ಲ. 10 ಮಂದಿಯನ್ನಿಟ್ಟು ಪರೀಕ್ಷೆ ಮಾಡಿದಾಗ ಎಲ್ಲವೂ ಸರಿಯಾಗಿಯೇ ಇತ್ತು. ಪಾರದರ್ಶಕತೆಗಾಗಿ ಮಾಡಿದ ಆ್ಯಪ್ ಖಜಾಂಚಿಯನ್ನು ಕಳ್ಳನನ್ನಾಗಿ ತೋರಿಸುತ್ತದೆ, ಬ್ಲಾಕ್‌ಚೈನ್‌ನಲ್ಲಿ ಸುಳ್ಳು ಇರಲಾರದು ಎಂದು ನಂಬಿದ ಬಡಾವಣೆಯವರು ಆ ಪರದೆಯನ್ನೇ ನಂಬುತ್ತಾರೆ. ಒಟ್ಟು ಮೊತ್ತವನ್ನು ಮ್ಯಾಪಿಂಗ್‌ನಲ್ಲೇ ಕೂಡಿಸಿ ಇಡಬೇಕು ಎನ್ನುವುದು ಇದಕ್ಕಾಗಿ.

ದೊಡ್ಡ ಸಂಖ್ಯೆಗಳದ್ದು ಇನ್ನೊಂದು ಕಥೆ. ಒಂದು ಈಥರ್ ಅಂದರೆ ಒಂದರ ಮುಂದೆ 18 ಸೊನ್ನೆಗಳಷ್ಟು ವೇಯ್. ಜಾವಾಸ್ಕ್ರಿಪ್ಟ್‌ನ ಮಾಮೂಲಿ ಸಂಖ್ಯೆ ತಪ್ಪಿಲ್ಲದೆ ಎಣಿಸುವುದು ಸುಮಾರು 9,007 ಲಕ್ಷ ಕೋಟಿಯವರೆಗೆ, ಅಂದರೆ ಒಂದು ಈಥರ್‌ನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಬಿಗ್‌ಇಂಟ್ ಬಳಸದಿದ್ದರೆ ಕೊನೆಯ ಅಂಕಿಗಳು ಮೆಲ್ಲಗೆ ಬದಲಾಗುತ್ತವೆ.

ಇವೆರಡಕ್ಕಿಂತ ಗಂಭೀರವಾದದ್ದು ರೀಆರ್ಗ್. ಬ್ಲಾಕ್‌ಚೈನ್‌ನ ತುದಿ ಇನ್ನೂ ಹಸಿ ಸಿಮೆಂಟ್ ಇದ್ದಂತೆ. ಒಮ್ಮೊಮ್ಮೆ ಇತ್ತೀಚಿನ ಒಂದೆರಡು ಬ್ಲಾಕ್‌ಗಳು ತಿರಸ್ಕೃತವಾಗಿ ಬೇರೆ ಬ್ಲಾಕ್‌ಗಳು ಆ ಜಾಗಕ್ಕೆ ಬರುತ್ತವೆ. ತಿರಸ್ಕೃತ ಬ್ಲಾಕ್‌ನಲ್ಲಿದ್ದ ಚಂದಾವನ್ನು ಇಂಡೆಕ್ಸರ್ ಆಗಲೇ ಕೂಡಿಕೊಂಡಿದ್ದರೆ? ಅದೇ ಚಂದಾ ಹೊಸ ಬ್ಲಾಕ್‌ನಲ್ಲೂ ಬಂದರೆ ಎರಡು ಸಲ ಲೆಕ್ಕವಾಗುತ್ತದೆ. ದಿ ಗ್ರಾಫ್‌ನ ತಂತ್ರಾಂಶ ಇದನ್ನು ಗುರುತಿಸಿ ಡೇಟಾಬೇಸ್ ಅನ್ನು ಹಿಂದಕ್ಕೆ ತಿರುಗಿಸುತ್ತದೆ. 'ಇಷ್ಟಕ್ಕೆ ಅಷ್ಟು ದೊಡ್ಡ ಸಲಕರಣೆ ಯಾಕೆ, ನಾನೇ ಒಂದು ಸ್ಕ್ರಿಪ್ಟ್ ಬರೆಯುತ್ತೇನೆ' ಎಂದು ಹೊರಟವರು ಮುಗ್ಗರಿಸುವುದು ಸಾಮಾನ್ಯವಾಗಿ ಇಲ್ಲೇ. ಎಥೇರಿಯಂನಲ್ಲಿ ಒಂದು ಬ್ಲಾಕ್ ಅಂತಿಮವೆಂದು ಮುದ್ರೆ ಬೀಳಲು ಸಾಮಾನ್ಯವಾಗಿ 13 ನಿಮಿಷ ಬೇಕು. ಒಳ್ಳೆಯ ಆ್ಯಪ್‌ಗಳು ಅಲ್ಲಿಯವರೆಗೆ 'ಖಚಿತವಾಗುತ್ತಿದೆ' ಎಂದು ತೋರಿಸುತ್ತವೆ. ಇಂಡೆಕ್ಸರ್ ಯಾವ ಬ್ಲಾಕ್‌ವರೆಗೆ ಓದಿದೆ, ನಡುವೆ ದೋಷವೇನಾದರೂ ಆಗಿದೆಯೇ ಎಂದು ಕೇಳುವ ಸೌಲಭ್ಯವೂ ಇದೆ. ಬಳಸುವವರು ಕಡಿಮೆ.

ನಕಲನ್ನು ನಂಬುವುದು ಹೇಗೆ?

ಇಲ್ಲಿಯವರೆಗೆ ಓದಿದವರಿಗೆ ಸಹಜವಾಗಿಯೇ ಅನುಮಾನ ಬಂದಿರುತ್ತದೆ. ಯಾರನ್ನೂ ನಂಬಬೇಕಿಲ್ಲ ಎಂದು ಬ್ಲಾಕ್‌ಚೈನ್‌ಗೆ ಬಂದವರು ಕೊನೆಗೆ ಯಾರದೋ ಡೇಟಾಬೇಸ್ ನಂಬುವುದಾದರೆ ಈ ಸಂಭ್ರಮವೆಲ್ಲ ಯಾತಕ್ಕೆ?

ಅನುಮಾನ ನ್ಯಾಯವಾದದ್ದೇ. 2020ರ ನವೆಂಬರ್ 11ರಂದು ನೋಡ್ ಸೇವೆ ನೀಡುವ ಇನ್ಫ್ಯೂರಾ ಕೆಲ ಗಂಟೆ ಕೈಕೊಟ್ಟಿತು. ಹಳೆಯ ಆವೃತ್ತಿಯ ಗೆತ್ ತಂತ್ರಾಂಶ ಓಡುತ್ತಿದ್ದ ನೋಡ್‌ಗಳು ಮುಖ್ಯ ಸರಪಳಿಯಿಂದ ಬೇರ್ಪಟ್ಟಿದ್ದವು. ಮೆಟಾಮಾಸ್ಕ್ ಬಳಕೆದಾರರು ಪರದಾಡಿದರು, ಬೈನಾನ್ಸ್ ಸೇರಿ ಕೆಲವು ಎಕ್ಸ್‌ಚೇಂಜ್‌ಗಳು ಈಥರ್ ಹಿಂಪಡೆಯುವಿಕೆ ನಿಲ್ಲಿಸಿದವು. ಬ್ಲಾಕ್‌ಚೈನ್ ನಿಂತಿರಲಿಲ್ಲ. ಅದನ್ನು ನೋಡುವ ಕಿಟಕಿ ಮುಚ್ಚಿತ್ತು.

ದಿ ಗ್ರಾಫ್ ಇದಕ್ಕೆ ಹುಡುಕಿದ ಪರಿಹಾರ, ಇಂಡೆಕ್ಸಿಂಗ್ ಕೆಲಸವನ್ನೇ ಹಲವರಿಗೆ ಹಂಚುವುದು. 2020ರ ಡಿಸೆಂಬರ್‌ನಲ್ಲಿ ಶುರುವಾದ ಅದರ ಜಾಲದಲ್ಲಿ ಇಂಡೆಕ್ಸರ್ ಆಗಬೇಕಾದವರು ಕನಿಷ್ಠ 1 ಲಕ್ಷ ಜಿಆರ್‌ಟಿ ಟೋಕನ್‌ಗಳನ್ನು ಠೇವಣಿ ಇಡಬೇಕು. ತಪ್ಪು ಇಂಡೆಕ್ಸ್ ಮಾಡಿದ್ದು ಸಾಬೀತಾದರೆ ಠೇವಣಿಯಲ್ಲಿ ಒಂದು ಪಾಲು ಕಡಿತ. ಉಚಿತವಾಗಿ ಕೊಡುತ್ತಿದ್ದ ತನ್ನ ಹಳೆಯ ಕೇಂದ್ರೀಕೃತ ಸೇವೆಯನ್ನು 2024ರ ಜೂನ್‌ನಲ್ಲಿ ಮುಚ್ಚಿತು. ಠೇವಣಿಯಿಂದ ಭಯ ಹುಟ್ಟುತ್ತದೆ ನಿಜ, ಆದರೆ ಅದು ಗಣಿತದ ಪುರಾವೆಯಲ್ಲ. ಯಾರಾದರೂ ತಪ್ಪು ಹಿಡಿದು ದೂರು ಕೊಟ್ಟರೆ ಮಾತ್ರ ದಂಡ. ಹಾಗಾಗಿ ಪಟ್ಟಿ ತೋರಿಸಲು ಇಂಡೆಕ್ಸರ್ ಬಳಸಿ, ಹಣ ಕೈಬದಲಾಗುವ ಕ್ಷಣದಲ್ಲಿ ನೇರ ಕಾಂಟ್ರ್ಯಾಕ್ಟ್‌ನ ಬ್ಯಾಲೆನ್ಸ್ ಓದಿ ಎನ್ನುವುದೇ ಸುರಕ್ಷಿತ ದಾರಿ.

ಬೇರೆ ಆಯ್ಕೆಗಳೂ ಇವೆ. ಸ್ವಂತ ಸರ್ವರ್‌ನಲ್ಲಿ ನಡೆಸಲು ಪಾಂಡರ್, ಬಾಡಿಗೆ ಸೇವೆಗೆ ಗೋಲ್ಡ್‌ಸ್ಕೈ, ಎಸ್‌ಕ್ಯುಎಲ್ ಬಲ್ಲ ವಿಶ್ಲೇಷಕರಿಗೆ ಡ್ಯೂನ್. ಗೂಗಲ್ 2018ರಲ್ಲೇ ಬಿಟ್‌ಕಾಯಿನ್ ಮತ್ತು ಎಥೇರಿಯಂ ಡೇಟಾವನ್ನು ಬಿಗ್‌ಕ್ವೆರಿಯಲ್ಲಿ ತೆರೆದಿಟ್ಟಿತು. ವಿದ್ಯಾರ್ಥಿಗಳಿಗೆ ಶುರು ಮಾಡಲು ಅದೇ ಸುಲಭ.

ನಮ್ಮಲ್ಲಿ ಎಲ್ಲಿದೆ ಬಳಕೆ?

2022ರಲ್ಲಿ ಮಹಾರಾಷ್ಟ್ರದ ಗಡ್‌ಚಿರೋಲಿ ಜಿಲ್ಲೆಯ ಏಟಾಪಲ್ಲಿಯಲ್ಲಿ 65 ಸಾವಿರ ಜಾತಿ ಪ್ರಮಾಣಪತ್ರಗಳನ್ನು ಪಾಲಿಗಾನ್ ಬ್ಲಾಕ್‌ಚೈನ್‌ಗೆ ಜೋಡಿಸುವ ಯೋಜನೆ ಸುದ್ದಿಯಾಯಿತು. ಅದನ್ನು ಮಾಡಿದ್ದು ಬೆಂಗಳೂರಿನ ಸ್ಟಾರ್ಟಪ್ ಲೆಜಿಟ್‌ಡಾಕ್. ಇಂಥ ವ್ಯವಸ್ಥೆಯಲ್ಲಿ ಒಂದು ಪತ್ರ ಅಸಲಿಯೇ ಎಂದು ನೋಡುವುದು ಸುಲಭ, ಪತ್ರದ ಮೇಲಿನ ಕ್ಯುಆರ್ ಕೋಡ್ ದಾಖಲೆಯ ಜಾಗಕ್ಕೇ ಕರೆದೊಯ್ಯುತ್ತದೆ. ಊರು ಗೊತ್ತಿದ್ದರೆ ಶಾಸನ ಸಿಕ್ಕಂತೆ. ಆದರೆ ಈ ವರ್ಷ ಎಷ್ಟು ಪತ್ರ ಕೊಟ್ಟರು, ಎಷ್ಟನ್ನು ರದ್ದು ಮಾಡಿದರು ಎಂದು ನಾಗರಿಕರೊಬ್ಬರು ಕೇಳಿದರೆ ಆಗ ಇಂಡೆಕ್ಸ್ ಬೇಕು. ಸರ್ಕಾರಿ ದಾಖಲೆಗಳು ಬ್ಲಾಕ್‌ಚೈನ್‌ಗೆ ಹೋದಷ್ಟೂ ಈ ಎರಡನೇ ಬಗೆಯ ಪ್ರಶ್ನೆಗೆ ಉತ್ತರಿಸುವ ವ್ಯವಸ್ಥೆ ಯಾರ ಕೈಯಲ್ಲಿರುತ್ತದೆ ಎಂಬುದು ಮುಖ್ಯವಾಗುತ್ತದೆ.

ಕೇಂದ್ರ ಸರ್ಕಾರದ ದಾರಿ ಬೇರೆ. 2020ರ ಜನವರಿಯಲ್ಲಿ ಎನ್‌ಐಸಿ ಬೆಂಗಳೂರಿನಲ್ಲಿ ಬ್ಲಾಕ್‌ಚೈನ್ ಉತ್ಕೃಷ್ಟತಾ ಕೇಂದ್ರ ತೆರೆಯಿತು, 2024ರ ಸೆಪ್ಟೆಂಬರ್‌ನಲ್ಲಿ 'ವಿಶ್ವಸ್ಯ' ಎಂಬ ಬ್ಲಾಕ್‌ಚೈನ್ ವೇದಿಕೆ ಬಂತು. ಇದು ಅನುಮತಿ ಇದ್ದವರಿಗಷ್ಟೇ ತೆರೆಯುವ ಬಗೆ, ಪ್ರಶ್ನೆ ಕೇಳುವ ಹಕ್ಕೂ ಅನುಮತಿಯ ಮೇಲೆಯೇ.

ಹಳೆಯ ಲಾಗ್‌ಗಳಿಗೆ ಕುತ್ತು?

ಪಾರ್ಕ್ ಸ್ಟ್ರೀಟ್‌ನಲ್ಲಿ ಇನ್ನೊಂದು ಸ್ಮಶಾನವೂ ಇತ್ತು, ರಸ್ತೆಯ ಆಚೆ ಬದಿಗೆ. ನಾರ್ತ್ ಪಾರ್ಕ್ ಸ್ಟ್ರೀಟ್ ಸ್ಮಶಾನ. ಕಾದಂಬರಿಕಾರ ವಿಲಿಯಂ ಥ್ಯಾಕರೆ ಹುಟ್ಟಿದ್ದು ಕೋಲ್ಕತ್ತಾದಲ್ಲಿ, ಅವರ ತಂದೆ ರಿಚ್ಮಂಡ್ ಥ್ಯಾಕರೆಯನ್ನು 1815ರಲ್ಲಿ ಮಣ್ಣು ಮಾಡಿದ್ದು ಅಲ್ಲಿ. 20ನೇ ಶತಮಾನದಲ್ಲಿ ಅದನ್ನು ನೆಲಸಮ ಮಾಡಿ ಕಟ್ಟಡಗಳನ್ನು ಎಬ್ಬಿಸಲಾಯಿತು. ಅಲ್ಲಿನ ಕಲ್ಲುಬರಹ ಹುಡುಕುವವರಿಗೆ ಈಗ ಕಲ್ಲಿಲ್ಲ, 1848ರ ಆ ನಕಲು ಪುಸ್ತಕವೇ ಗತಿ.

ಎಥೇರಿಯಂನಲ್ಲೂ ಇಂಥದ್ದೊಂದು ಬೆಳವಣಿಗೆ ನಡೆದಿದೆ. 2025ರ ಜುಲೈನಿಂದ ನೋಡ್ ನಡೆಸುವವರು ಹಳೆಯ ಇತಿಹಾಸವನ್ನು ತಮ್ಮ ಡಿಸ್ಕ್‌ನಿಂದ ತೆಗೆದುಹಾಕಬಹುದು. 2022ರ ಸೆಪ್ಟೆಂಬರ್ 15ರ 'ಮರ್ಜ್'ಗೂ ಮುಂಚಿನ ಬ್ಲಾಕ್‌ಗಳ ಒಡಲು ಮತ್ತು ರಸೀದಿಗಳನ್ನು ಅಳಿಸಿದರೆ 300ರಿಂದ 500 ಜಿಬಿ ಜಾಗ ಉಳಿಯುತ್ತದೆ. ಸಾಮಾನ್ಯ 2 ಟಿಬಿ ಡಿಸ್ಕ್‌ನಲ್ಲಿ ನೋಡ್ ನಡೆಸಲು ಇದು ಅನುಕೂಲ. ಖಾತೆಗಳ ಬ್ಯಾಲೆನ್ಸ್‌ಗೆ ಇದರಿಂದ ತೊಂದರೆಯಿಲ್ಲ. ಆದರೆ ಲಾಗ್‌ಗಳು ಇರುವುದು ಆ ರಸೀದಿಗಳಲ್ಲೇ. ಅಂದರೆ ಇತಿಹಾಸ ತೆಗೆದ ನೋಡ್‌ ಬಳಿ 2021ರ ಇವೆಂಟ್ ಕೇಳಿದರೆ ಕೊಡಲು ಏನೂ ಇರುವುದಿಲ್ಲ. ಪೂರ್ಣ ಇತಿಹಾಸ ಇಟ್ಟುಕೊಂಡ ನೋಡ್‌ಗಳು, ಪ್ರತ್ಯೇಕ ಸಂಗ್ರಹ ಫೈಲ್‌ಗಳು ಇದ್ದೇ ಇವೆ, ದತ್ತಾಂಶ ಲೋಕದಿಂದ ಮಾಯವಾಗಿಲ್ಲ. ಎಲ್ಲ ನೋಡ್‌ಗಳಲ್ಲೂ ಸಿಗುತ್ತದೆ ಎಂಬ ಖಾತ್ರಿ ಮಾತ್ರ ಹೋಯಿತು.

ಸಬ್‌ಗ್ರಾಫ್‌ನ ಶುರುವಿನ ಬ್ಲಾಕ್ ಸಂಖ್ಯೆ 1,55,37,394ಕ್ಕಿಂತ ಕಡಿಮೆ ಇರುವ ಡೆವಲಪರ್‌ಗಳು ತಮ್ಮ ನೋಡ್ ಸೇವೆಯವರನ್ನು ಈಗಲೇ ಕೇಳಿಕೊಳ್ಳುವುದು ಒಳ್ಳೆಯದು. ಇಂಡೆಕ್ಸ್ ಒಮ್ಮೆ ಕೆಟ್ಟು ಮೊದಲಿನಿಂದ ಕಟ್ಟಬೇಕಾದ ದಿನ ಆ ಹಳೆಯ ರಸೀದಿಗಳು ಎಲ್ಲಿಂದ ಬರುತ್ತವೆ ಎಂದು.